ನೈರೋಬಿಯಲ್ಲಿ ಒಂದೇ ದಿನ: ಮಾವನವರ ಮೊಣಕಾಲು, ಮಗಳ ಸಿಂಹ, ಯಾವ ಸಫಾರಿ?

ಕಪ್ಪತಗುಡ್ಡ

ಎಲ್ಲರಿಗೂ ನಮಸ್ಕಾರ. ನನ್ನ ಪತಿ ಎರಡು ವರ್ಷದ ಕೆಲಸದ ಒಪ್ಪಂದದ ಮೇಲೆ ನೈರೋಬಿಯಲ್ಲಿದ್ದಾರೆ. ಈ ಜುಲೈನಲ್ಲಿ ನಾನು, ಎಂಟು ವರ್ಷದ ಮಗಳು ಮತ್ತು ನನ್ನ ಮಾವನವರು ಹತ್ತು ದಿನದ ಮಟ್ಟಿಗೆ ಅಲ್ಲಿಗೆ ಹೋಗುತ್ತಿದ್ದೇವೆ. ಪತಿಗೆ ಪೂರ್ತಿ ಬಿಡುವು ಸಿಗುವುದು ಒಂದೇ ದಿನ. ಆ ದಿನ ಎಲ್ಲರೂ ಒಟ್ಟಿಗೆ ಕಾಡುಪ್ರಾಣಿಗಳನ್ನು ನೋಡಬೇಕೆಂಬ ಆಸೆ.

ಮಾವನವರಿಗೆ 71 ವರ್ಷ. ಗದಗ ಕಡೆಯ ಎರೆ ಹೊಲದ ಮನೆತನ. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಪ್ರಾಥಮಿಕ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ಗೋಡೆಗೆ ಆಫ್ರಿಕಾದ ನಕಾಶೆ ನೇತುಹಾಕಿ, ಬೆತ್ತದ ತುದಿಯಿಂದ ಸಮಭಾಜಕ ವೃತ್ತವನ್ನು ತೋರಿಸುತ್ತ ಪಾಠ ಮಾಡಿದವರು. ಈಗ ಆ ಗೆರೆಯ ಹತ್ತಿರಕ್ಕೇ ಹೋಗುತ್ತಿದ್ದೇನೆ ಎಂದು ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದಾರೆ. ಆದರೆ ಮೊಣಕಾಲು ನೋವು ಇದೆ, ಎರಡು ಗಂಟೆಗಿಂತ ಹೆಚ್ಚು ಒಂದೇ ಸಮನೆ ಕುಳಿತರೆ ಏಳುವುದು ಕಷ್ಟ.

ಒಬ್ಬ ಏಜೆಂಟರು ಮಸಾಯಿ ಮಾರಾ ವನ್ಯಧಾಮಕ್ಕೆ ಒಂದೇ ದಿನದಲ್ಲಿ ಹೋಗಿ ಬರಬಹುದು, ಬೆಳಗಿನ ಜಾವ ಮೂರಕ್ಕೆ ಹೊರಟರೆ ರಾತ್ರಿ ಹನ್ನೊಂದಕ್ಕೆ ಮನೆ ಎನ್ನುತ್ತಿದ್ದಾರೆ. ಇದು ಆಗುವ ಮಾತೇ? ಊಟ, ಶೌಚಾಲಯ, ಲಸಿಕೆ, ಎಲ್ಲದರ ಬಗ್ಗೆಯೂ ತಿಳಿದವರು ಹೇಳಿ. ಮಗಳಿಗೆ ಬೇಕಾಗಿರುವುದು ಸಿಂಹ ಮಾತ್ರ.

ನೈರೋಬಿ ಮಲ್ಲಿಗೆ

ಕಪ್ಪತಗುಡ್ಡ ಅವರೇ, ನಮ್ಮ ಊರು ಉಡುಪಿ. ಹನ್ನೊಂದು ವರ್ಷದಿಂದ ನೈರೋಬಿಯಲ್ಲಿದ್ದೇನೆ. ಮೊದಲು ಆ ಒಂದು ದಿನದ ಮಾರಾ ಯೋಜನೆಯನ್ನು ಕೈಬಿಡಿ. ಇಲ್ಲಿಂದ ಅಲ್ಲಿಗೆ ರಸ್ತೆಯಲ್ಲಿ ಐದಾರು ಗಂಟೆ ಬೇಕು. ಹೋಗಿ ಬರುವುದಕ್ಕೇ ಹನ್ನೊಂದು ಹನ್ನೆರಡು ಗಂಟೆ ಕಳೆದರೆ ಪ್ರಾಣಿ ನೋಡಲು ಉಳಿಯುವುದು ನೆತ್ತಿ ಸುಡುವ ನಡುಮಧ್ಯಾಹ್ನ, ಸಿಂಹಗಳು ಪೊದೆಯ ನೆರಳಿನಲ್ಲಿ ಬಿದ್ದುಕೊಂಡಿರುವ ಹೊತ್ತು. ಅಂಬೊಸೆಲಿ ಉದ್ಯಾನ ಕೂಡ ಒಂದು ದಿಕ್ಕಿಗೇ ನಾಲ್ಕು ಗಂಟೆಯ ದಾರಿ. ನಿಮ್ಮ ಮಾವನವರ ಮೊಣಕಾಲಿಗೆ ಇವೆರಡೂ ಹೇಳಿದ್ದಲ್ಲ.

ನಿಮಗೆ ಬೇಕಾದದ್ದು ಊರ ಬಾಗಿಲಲ್ಲೇ ಇದೆ: ನೈರೋಬಿ ರಾಷ್ಟ್ರೀಯ ಉದ್ಯಾನ. ನಗರದ ಮಧ್ಯಭಾಗದಿಂದ ಸುಮಾರು 7 ಕಿ.ಮೀ. ದಕ್ಷಿಣಕ್ಕೆ, 117 ಚದರ ಕಿ.ಮೀ. ವಿಸ್ತಾರದ ಬಯಲು. 1946ರಲ್ಲಿ ಘೋಷಣೆಯಾದ, ಕೆನ್ಯಾದ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ ಇದು. ಸಿಂಹ, ಚಿರತೆ, ಕಾಡೆಮ್ಮೆ, ಕಪ್ಪು ಮತ್ತು ಬಿಳಿ ಘೇಂಡಾಮೃಗ, ಜಿರಾಫೆ, ಜೀಬ್ರಾ, ಉಷ್ಟ್ರಪಕ್ಷಿ, ನೀರಾನೆ, ಮೊಸಳೆ ಎಲ್ಲವೂ ಇವೆ. ಆನೆ ಮಾತ್ರ ಇಲ್ಲ. 400ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು ದಾಖಲಾಗಿವೆ.

ಬಾಗಿಲು ಬೆಳಿಗ್ಗೆ ಆರಕ್ಕೆ ತೆರೆಯುತ್ತದೆ, ಸಂಜೆ ಆರಕ್ಕೆ ಮುಚ್ಚುತ್ತದೆ. ನೀವು ಆರಕ್ಕೇ ಬಾಗಿಲಲ್ಲಿರಬೇಕು. ಇದನ್ನು ಮಾತ್ರ ಸಡಿಲಿಸಬೇಡಿ. ಸೂರ್ಯ ಇಲ್ಲಿ ವರ್ಷವಿಡೀ ಹೆಚ್ಚೂಕಡಿಮೆ ಆರೂವರೆಗೆ ಹುಟ್ಟುತ್ತಾನೆ. ಆ ಮೊದಲ ಎರಡು ಗಂಟೆಯೇ ಇಡೀ ದಿನದ ತಿರುಳು. ಲಾಂಗಾಟಾ ರಸ್ತೆಯ ಮುಖ್ಯ ದ್ವಾರವಿದೆ, ಮೊಂಬಾಸಾ ರಸ್ತೆಯ ಕಡೆ ಪೂರ್ವ ದ್ವಾರವಿದೆ. ಮನೆಗೆ ಯಾವುದು ಹತ್ತಿರವೋ ಅದನ್ನು ಹಿಡಿಯಿರಿ.

ಪ್ರವೇಶ ಶುಲ್ಕವನ್ನು ನಗದಾಗಿ ತೆಗೆದುಕೊಳ್ಳುವುದಿಲ್ಲ. ಸರ್ಕಾರದ ಇ-ಸಿಟಿಜನ್ ಜಾಲತಾಣದಲ್ಲಿ ಹಿಂದಿನ ರಾತ್ರಿಯೇ ಕಟ್ಟಿ, ರಸೀದಿಯನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ವಿದೇಶಿ ಪ್ರವಾಸಿಗರಿಗೆ ಡಾಲರಿನಲ್ಲಿ ಒಂದು ದರ, ಇಲ್ಲಿ ಕೆಲಸದ ಪರವಾನಗಿ ಇರುವವರಿಗೆ ಅದಕ್ಕಿಂತ ಕಡಿಮೆ, ಮಕ್ಕಳಿಗೆ ಬೇರೆ. ಆದ್ದರಿಂದ ಪತಿಯವರು ತಮ್ಮ ನಿವಾಸಿ ಗುರುತಿನ ಚೀಟಿಯನ್ನು ಮರೆಯಬಾರದು. ಹಳೆಯ ಪ್ರವಾಸ ಬರಹಗಳಲ್ಲಿರುವ ದರಗಳನ್ನು ನಂಬದೆ ಆ ದಿನ ಜಾಲತಾಣ ತೋರಿಸುವುದನ್ನೇ ಲೆಕ್ಕಕ್ಕೆ ಹಿಡಿಯಿರಿ.

ಕಬಿನಿ ಹಿನ್ನೀರು

ಮೇಡಂ ಹೇಳಿದ್ದಕ್ಕೆ ನನ್ನ ಗೌರವಪೂರ್ವಕ ಭಿನ್ನಾಭಿಪ್ರಾಯವಿದೆ. ನಾಗರಹೊಳೆ, ಬಂಡೀಪುರಗಳಲ್ಲಿ ಇಪ್ಪತ್ತು ವರ್ಷ ಅಲೆದವನು ನಾನು. ಬೇಲಿ ಹಾಕಿದ, ಹಿಂದೆ ಗಗನಚುಂಬಿ ಕಟ್ಟಡಗಳು ಕಾಣುವ, ನೆತ್ತಿಯ ಮೇಲೆ ವಿಮಾನ ಹಾರುವ ಜಾಗವನ್ನು ಕಾಡು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಜೀವಮಾನದಲ್ಲಿ ಒಮ್ಮೆ ಆಫ್ರಿಕಾಕ್ಕೆ ಹೋಗುವ ಹಿರಿಯರಿಗೆ ದೊಡ್ಡ ಮೃಗಾಲಯವನ್ನು ತೋರಿಸಿ ಕಳಿಸಬೇಡಿ. ಹೇಗಾದರೂ ಒಂದು ರಜೆ ಹೆಚ್ಚು ಪಡೆದು ಮಾರಾದಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಜುಲೈ ಎಂದರೆ ಸೆರೆಂಗೆಟಿಯಿಂದ ವೈಲ್ಡ್‌ಬೀಸ್ಟ್ ಹಿಂಡುಗಳು ಉತ್ತರಕ್ಕೆ ಬರುವ ಕಾಲ.

ಹೆಜ್ಜೆಗುರುತು

ಕಬಿನಿ ಸರ್, ಬೇಲಿಯ ಮಾತು ಅರ್ಧ ಸತ್ಯ. ಬೇಲಿ ಇರುವುದು ಮೂರು ಕಡೆ ಮಾತ್ರ. ದಕ್ಷಿಣಕ್ಕೆ ಎಂಬಾಗಾತಿ ನದಿಯೇ ಗಡಿ. ಅದರಾಚೆ ಕಿಟೆಂಗೆಲಾ, ಆಥಿ-ಕಪಿಟಿ ಬಯಲು. ಮಳೆಗಾಲದಲ್ಲಿ ಜೀಬ್ರಾ, ವೈಲ್ಡ್‌ಬೀಸ್ಟ್‌ಗಳು ಆ ಬಯಲಿಗೆ ಹರಡಿಕೊಳ್ಳುತ್ತವೆ, ನೀರು ಬತ್ತಿದಾಗ ಉದ್ಯಾನದ ಕೆರೆಗಳನ್ನು ಹುಡುಕಿಕೊಂಡು ಹಿಂದಿರುಗುತ್ತವೆ. ಯಾರೂ ಅಟ್ಟುವುದಿಲ್ಲ, ಯಾರೂ ಮೇವು ಹಾಕುವುದಿಲ್ಲ. ಅಲ್ಲಿನ ಸಿಂಹ ತನ್ನ ಊಟವನ್ನು ತಾನೇ ಬೇಟೆಯಾಡಿ ತಿನ್ನುತ್ತದೆ. ಇದನ್ನು ಮೃಗಾಲಯ ಎನ್ನಲಾಗದು.

ಆದರೆ ಆ ತೆರೆದ ನಾಲ್ಕನೆಯ ಬದಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಕಿಟೆಂಗೆಲಾದಲ್ಲಿ ಮಸಾಯಿ ಕುಟುಂಬಗಳ ಹುಲ್ಲುಗಾವಲು ನಿವೇಶನಗಳಾಗಿ ಒಡೆದು, ತಂತಿಬೇಲಿ ಬಂದು, ಹಿಂದಿನ ಹಾಗೆ ಹಿಂಡು ಹಿಂಡಾಗಿ ವಲಸೆ ಹೋಗುವುದು ನಿಂತೇಹೋಗುವ ಹಂತಕ್ಕೆ ಬಂದಿದೆ. ಹೊರಗೆ ಬಂದ ಸಿಂಹ ದನ, ಕುರಿ ಹಿಡಿಯುತ್ತದೆ. 2012ರ ಜೂನ್‌ನಲ್ಲಿ ದೊಡ್ಡಿಗೆ ನುಗ್ಗಿದ ಆರು ಸಿಂಹಗಳನ್ನು ಕಿಟೆಂಗೆಲಾದ ಜನ ಕೊಂದುಹಾಕಿದರು. ಅವರನ್ನು ಸುಮ್ಮನೆ ದೂಷಿಸುವ ಮನಸ್ಸು ನನಗಿಲ್ಲ. ನಮ್ಮಲ್ಲಿ ಚಿರತೆ ಕೊಟ್ಟಿಗೆಗೆ ಬಂದಾಗ ಆ ಮನೆಯ ಹೆಂಗಸರ ಮುಖವನ್ನು ನೋಡಿದವರಿಗೆ ಅದು ಅರ್ಥವಾಗುತ್ತದೆ.

ಅದೇ ಊರ ಅಂಚಿನ ಮಸಾಯಿ ಹುಡುಗ ರಿಚರ್ಡ್ ತುರೇರೆ ತನ್ನ ಹನ್ನೊಂದನೆಯ ವಯಸ್ಸಿನಲ್ಲಿ ಒಂದು ಉಪಾಯ ಕಂಡುಕೊಂಡ. ಮನುಷ್ಯ ಟಾರ್ಚ್ ಹಿಡಿದು ಓಡಾಡುತ್ತಿದ್ದರೆ ಸಿಂಹ ಹತ್ತಿರ ಬರುವುದಿಲ್ಲ ಎಂಬುದನ್ನು ಅವನು ಗಮನಿಸಿದ್ದ. ಹಳೆಯ ಬ್ಯಾಟರಿ, ಸೌರಫಲಕ, ವಾಹನದ ಇಂಡಿಕೇಟರಿನ ಭಾಗ ಮತ್ತು ಸಣ್ಣ ದೀಪಗಳನ್ನು ಜೋಡಿಸಿ, ದೊಡ್ಡಿಯ ಸುತ್ತ ಒಂದಾದ ಮೇಲೊಂದು ಮಿನುಗುವಂತೆ ಮಾಡಿದ. ಕಾವಲುಗಾರ ಸುತ್ತುತ್ತಿದ್ದಾನೆ ಎಂದುಕೊಂಡು ಸಿಂಹ ದೂರ ಉಳಿಯಿತು. 2013ರಲ್ಲಿ ಅವನು ಇದನ್ನು ಜಗತ್ತಿನ ಮುಂದೆ ವೇದಿಕೆಯಲ್ಲಿ ನಿಂತು ವಿವರಿಸಿದ. ಕಪ್ಪತಗುಡ್ಡ ಅವರೇ, ನಿಮ್ಮ ಮಗಳಿಗೆ ಹೋಗುವ ಮೊದಲು ಈ ಕಥೆಯನ್ನು ಹೇಳಿ. ಸಿಂಹ ಕಾಣಲಿ, ಕಾಣದಿರಲಿ, ಅದು ಯಾರ ಪಕ್ಕದಲ್ಲಿ ಬದುಕುತ್ತಿದೆ ಎಂಬುದು ಮಗುವಿಗೆ ಗೊತ್ತಿರಲಿ.

ಇನ್ನೊಂದು ಮಾತು. 2019ರಲ್ಲಿ ಆರಂಭವಾದ ನೈವಾಶಾ ಕಡೆಯ ರೈಲು ಮಾರ್ಗ ಈ ಉದ್ಯಾನವನ್ನು ಸುಮಾರು 6 ಕಿ.ಮೀ. ಉದ್ದಕ್ಕೆ ಕಂಬಗಳ ಮೇಲೆ ದಾಟುತ್ತದೆ. ಕಂಬಗಳ ಕೆಳಗೆ ಪ್ರಾಣಿಗಳು ಓಡಾಡುತ್ತವೆ. ಬೆಂಗಳೂರಿನ ಬನ್ನೇರುಘಟ್ಟದ ಸೂಕ್ಷ್ಮ ಪರಿಸರ ವಲಯವನ್ನು 2020ರಲ್ಲಿ 268.96ರಿಂದ 168.84 ಚದರ ಕಿ.ಮೀ.ಗೆ ಇಳಿಸಿದ್ದು ನೆನಪಿದೆಯಲ್ಲ? ನಗರದ ಪಕ್ಕದ ಕಾಡನ್ನು ‘ಇದೇನು ಕಾಡು’ ಎಂದು ಹಗುರವಾಗಿ ಕಂಡಷ್ಟೂ ಅದನ್ನು ಕತ್ತರಿಸುವವರ ಕೆಲಸ ಸಲೀಸಾಗುತ್ತದೆ. ಅದಕ್ಕೇ ನಿಮ್ಮ ಮಾತಿಗೆ ಇಷ್ಟು ಉದ್ದ ಉತ್ತರ ಬರೆದೆ ಸರ್, ಬೇಸರಿಸಬೇಡಿ.

ಕಬಿನಿ ಹಿನ್ನೀರು

ಬೇಸರವಿಲ್ಲ. ದಕ್ಷಿಣದ ಬದಿ ತೆರೆದಿರುವುದು ನನಗೆ ಗೊತ್ತಿರಲಿಲ್ಲ. ‘ಮೃಗಾಲಯ’ ಎಂದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಮಾರಾ ನೋಡುವುದಾದರೆ ಒಂದು ರಾತ್ರಿಯಾದರೂ ಉಳಿಯಬೇಕು ಎಂಬುದಕ್ಕೆ ಮಾತ್ರ ಅಂಟಿಕೊಳ್ಳುತ್ತೇನೆ. ಅದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಲಿ.

ಕರಾವಳಿ ಪಯಣಿಗ

ನನ್ನ ಅನುಭವವನ್ನೂ ಸೇರಿಸುತ್ತೇನೆ, ಬೇರೆಯವರಿಗೆ ಹಾಗಾಗಬಾರದು. ನಾನು ನೈರೋಬಿಯ ಈ ಉದ್ಯಾನಕ್ಕೆ ಏಪ್ರಿಲ್‌ನಲ್ಲಿ ಹೋಗಿದ್ದೆ. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೀರ್ಘ ಮಳೆಗಾಲ. ನಾವು ಗೊತ್ತುಮಾಡಿದ್ದ ಪ್ರವಾಸ ಸಂಸ್ಥೆಯವರು ಐದೂವರೆಗೆ ಬರುತ್ತೇವೆಂದು ಹೇಳಿ ಎಂಟೂವರೆಗೆ ಬಂದರು. ನಾಲ್ಕು ಚಕ್ರಕ್ಕೂ ಚಾಲನೆ ಇರುವ ವಾಹನ ಎಂದು ಹಣ ಪಡೆದು, ಕಳಿಸಿದ್ದು ಸಾಧಾರಣ ವ್ಯಾನು. ಒಳಗೆ ಹೋದ ಒಂದು ಗಂಟೆಗೆಲ್ಲ ಕಪ್ಪು ಮಣ್ಣಿನಲ್ಲಿ ಹಿಂದಿನ ಚಕ್ರ ಹೂತುಹೋಯಿತು. ಇಳಿದು ತಳ್ಳುವ ಹಾಗಿಲ್ಲ, ಸುತ್ತ ಆಳೆತ್ತರದ ಹುಲ್ಲು, ಹತ್ತು ಹೆಜ್ಜೆಯಾಚೆ ಏನಿದೆ ಎಂದು ಯಾರಿಗೆ ಗೊತ್ತು? ಇನ್ನೊಂದು ವಾಹನ ಬಂದು ಹಗ್ಗ ಕಟ್ಟಿ ಎಳೆಯುವವರೆಗೆ ಎರಡು ಗಂಟೆ ಒಳಗೇ ಕುಳಿತಿದ್ದೆವು. ಚಿಕ್ಕ ಮಗು ಅಳುತ್ತಲೇ ಇತ್ತು.

ವಾಹನದ ಚಿತ್ರವನ್ನೂ ನೋಂದಣಿ ಸಂಖ್ಯೆಯನ್ನೂ ಹಿಂದಿನ ದಿನವೇ ತರಿಸಿಕೊಳ್ಳಿ. ಪೂರ್ತಿ ಹಣ ಮುಂಗಡ ಕೊಡಬೇಡಿ. ಚಾಲಕನ ಜೊತೆ ನೀವೇ ನೇರವಾಗಿ ಫೋನಿನಲ್ಲಿ ಮಾತನಾಡಿ.

ಕಪ್ಪತಗುಡ್ಡ

ಎಲ್ಲರಿಗೂ ಧನ್ಯವಾದ. ಮಾರಾ ಯೋಜನೆಯನ್ನು ಬಿಟ್ಟಿದ್ದೇವೆ. ಈ ಚರ್ಚೆಯನ್ನು ಮಾವನವರಿಗೆ ಓದಿ ಹೇಳಿದೆ. ಕಪ್ಪು ಮಣ್ಣು ಎಂದ ಕೂಡಲೇ ಕನ್ನಡಕ ತೆಗೆದಿಟ್ಟು, “ಎರೆ ಭೂಮಿಯೇ ಇರಬೇಕು. ಮಳೆ ಬಿದ್ದ ಎರೆಯಲ್ಲಿ ಎತ್ತಿನ ಬಂಡಿಯೇ ನಿಲ್ಲುತ್ತದೆ, ವ್ಯಾನು ಯಾವ ಲೆಕ್ಕ?” ಎಂದರು. ನೈರೋಬಿ ಅಕ್ಕ, ಅದು ನಿಜವೇ? ಜುಲೈನಲ್ಲಿ ರಸ್ತೆ ಹೇಗಿರುತ್ತದೆ? ಊಟ ಏನು ಕಟ್ಟಿಕೊಳ್ಳಲಿ? ಲಸಿಕೆಯ ವಿಷಯವನ್ನೂ ಯಾರಾದರೂ ಬಿಡಿಸಿ ಹೇಳಿ. 60 ದಾಟಿದವರಿಗೆ ಕೊಡುವುದೇ ಇಲ್ಲ ಎಂದು ಒಬ್ಬರು, ಕೊಡಲೇಬೇಕು ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ.

ಹುಬ್ಬಳ್ಳಿ ವೈದ್ಯ

ಲಸಿಕೆಯ ಬಗ್ಗೆ ನಾನು ಹೇಳುತ್ತೇನೆ. ಇದು ಹಳದಿ ಜ್ವರದ ಲಸಿಕೆ. ನಮ್ಮ ಕಡೆ ಕಾಮಾಲೆಗೂ ಕೆಲವರು ಹಾಗೇ ಅನ್ನುವುದುಂಟು, ಇದು ಅದಲ್ಲ. ಸೊಳ್ಳೆಯಿಂದ ಹರಡುವ ವೈರಸ್ ಕಾಯಿಲೆ. ಭಾರತದಲ್ಲಿ ಈ ಕಾಯಿಲೆ ಇಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ಧಾರಾಳವಾಗಿದೆ. ಆ ಕಾರಣಕ್ಕೇ ಕೆನ್ಯಾದಿಂದ ಹಿಂದಿರುಗುವವರ ಬಳಿ ಲಸಿಕೆಯ ಪ್ರಮಾಣಪತ್ರವಿದೆಯೇ ಎಂದು ನಮ್ಮ ವಿಮಾನ ನಿಲ್ದಾಣದಲ್ಲಿ ಕಟ್ಟುನಿಟ್ಟಾಗಿ ನೋಡುತ್ತಾರೆ. ಇಲ್ಲದಿದ್ದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನದ ನಂತರ. ಒಮ್ಮೆ ಹಾಕಿಸಿಕೊಂಡರೆ ಜೀವಮಾನವಿಡೀ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ ಕೊಡುತ್ತಾರೆ. ಅಲ್ಲಿ ಮೊದಲೇ ದಿನ ಗೊತ್ತುಮಾಡಿಕೊಳ್ಳಬೇಕಾಗಬಹುದು, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಹಿರಿಯರ ವಿಷಯಕ್ಕೆ ಬರುತ್ತೇನೆ. ಇದು ಜೀವಂತ ವೈರಸ್ಸನ್ನು ದುರ್ಬಲಗೊಳಿಸಿ ಮಾಡಿದ ಲಸಿಕೆ. 60 ದಾಟಿದವರು ಮೊದಲ ಬಾರಿ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮದ ಸಂಭವ ಚಿಕ್ಕವರಿಗಿಂತ ಹೆಚ್ಚು. ಹೆಚ್ಚು ಎಂದರೂ ಅಪರೂಪವೇ. ಹಾಗಾಗಿ ‘ಕೊಡುವುದಿಲ್ಲ’ ಎಂಬುದೂ ತಪ್ಪು, ‘ಕಣ್ಣುಮುಚ್ಚಿ ಹಾಕಿಸಿ’ ಎಂಬುದೂ ತಪ್ಪು. ಮೊಟ್ಟೆಯ ಅಲರ್ಜಿ, ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಮಾತ್ರೆ, ಥೈಮಸ್ ಗ್ರಂಥಿಯ ತೊಂದರೆ ಇವೆಯೇ ಎಂದು ಅವರ ವೈದ್ಯರು ವಿಚಾರಿಸಿ ತೀರ್ಮಾನಿಸಬೇಕು. ಮೊಣಕಾಲು ನೋವಿಗೆ ಯಾವ ಮಾತ್ರೆ ನುಂಗುತ್ತಿದ್ದಾರೆ ಎಂಬುದನ್ನು ಮುಚ್ಚಿಡದೆ ಹೇಳಿ. ಸ್ಟೀರಾಯ್ಡ್ ಇದ್ದರೆ ಅದು ಮುಖ್ಯ. ಲಸಿಕೆ ಬೇಡವೆಂದು ವೈದ್ಯರು ಬರೆದುಕೊಡುವ ವಿನಾಯಿತಿ ಪತ್ರದ ಕ್ರಮವೂ ಇದೆ. ಆದರೆ ಹಿಂದಿರುಗುವಾಗ ಏನಾಗುತ್ತದೆ ಎಂದು ವಿಮಾನ ನಿಲ್ದಾಣದ ಆರೋಗ್ಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಆಮೇಲೆ ಟಿಕೆಟ್ ತೆಗೆಯಿರಿ.

ನೈರೋಬಿ ಎತ್ತರದಲ್ಲಿರುವುದರಿಂದ ಮಲೇರಿಯಾದ ಭಯ ಕಡಿಮೆ. ಕರಾವಳಿಯ ಕಡೆಗೂ ಹೋಗುವುದಾದರೆ ವೈದ್ಯರಿಗೆ ಅದನ್ನೂ ಹೇಳಿ.

ನೈರೋಬಿ ಮಲ್ಲಿಗೆ

ತಂಗಿ, ನಿಮ್ಮ ಮಾವನವರ ಮಾತು ನೂರಕ್ಕೆ ನೂರು ಸರಿ. ಅದು ಕಪ್ಪು ಹತ್ತಿ ಮಣ್ಣೇ. ನಾನು ಕೆಂಪು ಮಣ್ಣಿನ ಊರಿನವಳು, ನನಗೆ ಇಷ್ಟು ವರ್ಷ ಅದು ಬರೀ ಕೆಸರಾಗಿ ಕಂಡಿತ್ತು. ಜುಲೈನಲ್ಲಿ ಒಣಗಿ ಗಟ್ಟಿಯಾಗಿರುತ್ತದೆ, ರಸ್ತೆಯ ಚಿಂತೆಯಿಲ್ಲ. ಚಿಂತೆ ಇರುವುದು ಚಳಿಯದು. ಆಫ್ರಿಕಾ ಎಂದರೆ ಸೆಕೆ ಎಂದುಕೊಂಡು ತೆಳು ಬಟ್ಟೆ ತಂದು ಹಲ್ಲು ಕಡಿಯುತ್ತ ಕುಳಿತವರನ್ನು ಬಹಳ ನೋಡಿದ್ದೇನೆ. ಈ ನಗರ ಸುಮಾರು 1,800 ಮೀಟರ್ ಎತ್ತರದಲ್ಲಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ ಕವಿದ ಚಳಿ, ಮೇಲೆ ವಾಹನದ ಸೂರನ್ನು ಎತ್ತಿ ನಿಲ್ಲಿಸಿದರೆ ಮುಖಕ್ಕೆ ಗಾಳಿ. ನೈರೋಬಿ ಎಂಬ ಹೆಸರೇ ಮಸಾಯಿ ಭಾಷೆಯ ‘ತಣ್ಣನೆಯ ನೀರು’ ಎಂಬ ಮಾತಿನಿಂದ ಬಂದದ್ದು. ಸ್ವೆಟರ್, ಮಫ್ಲರ್, ಮಾವನವರ ಮಡಿಲಿಗೆ ಒಂದು ಕಂಬಳಿ ಇರಲಿ.

ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯಬೇಡಿ. ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. 2020ರ ಜೂನ್‌ನಿಂದ ರಾಷ್ಟ್ರೀಯ ಉದ್ಯಾನಗಳ ಒಳಗೆ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೂ ಅವಕಾಶವಿಲ್ಲ. ನಮ್ಮ ಸ್ಟೀಲ್ ಡಬ್ಬಿ, ಸ್ಟೀಲ್ ತಂಬಿಗೆಗಳೇ ಸಾಕು. ಊರಿನಿಂದ ಹೊರಡುವಾಗ ಪೆಟ್ಟಿಗೆಯೊಳಗಿನ ಪ್ಲಾಸ್ಟಿಕ್ ಕೈಚೀಲಗಳನ್ನು ತೆಗೆದುಬಿಡಿ. ತಿಂಡಿಯನ್ನು ಗೊತ್ತುಪಡಿಸಿದ ತಾಣಗಳಲ್ಲಿ ಮಾತ್ರ ಇಳಿದು ತಿನ್ನಬಹುದು. ಇಂಪಾಲಾ ವೀಕ್ಷಣಾ ತಾಣದಲ್ಲಿ ಇಳಿಯಬಹುದು. ನೀರಾನೆ ಮಡುವಿನ ಹತ್ತಿರ ಬಂದೂಕುಧಾರಿ ರೇಂಜರ್ ಜೊತೆಗೆ ಹೊಳೆಯ ಬದಿ ಸ್ವಲ್ಪ ನಡೆಯಬಹುದು. ಕೋತಿಗಳ ಬಗ್ಗೆ ಎಚ್ಚರ. ಬಬೂನ್ ಎಂದರೆ ನಮ್ಮ ದೇವಸ್ಥಾನದ ಮಂಗಗಳ ಹಾಗಲ್ಲ, ದೊಡ್ಡ ನಾಯಿಯಷ್ಟು ಗಾತ್ರ, ಕೋರೆಹಲ್ಲು ಬೇರೆ. ಡಬ್ಬಿಯ ಮುಚ್ಚಳ ತೆರೆದಿಟ್ಟು ಆಚೀಚೆ ನೋಡಬೇಡಿ.

ಇನ್ನು ದಿನದ ಜೋಡಣೆ. ಬಂದವರೆಲ್ಲ ಒಂದೇ ದಿನದಲ್ಲಿ ಉದ್ಯಾನ, ಆನೆ ಮರಿಗಳ ಆಶ್ರಯಧಾಮ, ಜಿರಾಫೆ ಕೇಂದ್ರ, ಮಾರುಕಟ್ಟೆ ಎಂದು ಪಟ್ಟಿ ಹಿಡಿದು ಓಡುತ್ತಾರೆ. ಸಂಜೆ ಕೇಳಿದರೆ ಯಾವುದನ್ನೂ ನೆಟ್ಟಗೆ ನೋಡಿರುವುದಿಲ್ಲ. ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು, ಅಷ್ಟೇ ಇಟ್ಟುಕೊಳ್ಳಿ. ಶೆಲ್ಡ್ರಿಕ್ ಸಂಸ್ಥೆಯ ಅನಾಥ ಆನೆ ಮರಿಗಳನ್ನು ಸಾರ್ವಜನಿಕರಿಗೆ ತೋರಿಸುವುದು ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಮಾತ್ರ, ಬಹಳ ಮೊದಲೇ ಕಾದಿರಿಸಬೇಕು. ಅದನ್ನು ಹಿಡಿಯಲು ಹೋದರೆ ಉದ್ಯಾನದಿಂದ ಹತ್ತಕ್ಕೇ ಓಡಬೇಕಾಗುತ್ತದೆ. ನನ್ನನ್ನು ಕೇಳಿದರೆ ಉದ್ಯಾನದಲ್ಲಿ ಹನ್ನೆರಡೂವರೆವರೆಗೆ ನಿಧಾನವಾಗಿರಿ, ಮನೆಗೆ ಬಂದು ಉಂಡು, ಮಾವನವರು ಒಂದು ಗಳಿಗೆ ಕಾಲು ಚಾಚಲಿ. ಮೂರಕ್ಕೆ ಲಾಂಗಾಟಾದ ಜಿರಾಫೆ ಕೇಂದ್ರ.

ಎರಡು ಗಂಟೆಗಿಂತ ಕೂರಲಾಗದು ಎಂದಿರಲ್ಲ, ಲ್ಯಾಂಡ್ ಕ್ರೂಸರ್ ವಾಹನವೇ ಇರಲಿ. ಸೂರು ತೆರೆದಾಗ ಒಳಗೇ ಎದ್ದು ನಿಲ್ಲಬಹುದು. ಆದರೆ ಅದರ ಮೆಟ್ಟಿಲು ಎತ್ತರ. ಒಂದು ಮರದ ಮಣೆಯನ್ನೋ ಸಣ್ಣ ಸ್ಟೂಲನ್ನೋ ಜೊತೆಗಿಟ್ಟುಕೊಳ್ಳಿ.

ಹೆಜ್ಜೆಗುರುತು

ಮಗಳಿಗೆ ನಾಲ್ಕು ಸ್ವಾಹಿಲಿ ಪದ ಕಲಿಸಿ, ಚಾಲಕರಿಗೆ ಬಹಳ ಖುಷಿಯಾಗುತ್ತದೆ. ಸಿಂಹ ಅಲ್ಲಿ ‘ಸಿಂಬಾ’, ಕಿವಿಗೆ ನಮ್ಮದೇ ಪದದ ಹಾಗೆ. ಜಿರಾಫೆ ‘ಟ್ವಿಗಾ’, ಘೇಂಡಾಮೃಗ ‘ಕಿಫಾರು’, ಜೀಬ್ರಾ ‘ಪುಂಡಾ ಮಿಲಿಯಾ’, ಅಂದರೆ ಪಟ್ಟೆಗಳ ಕತ್ತೆ. ನಿಧಾನ ಎನ್ನಲು ‘ಪೋಲೆ ಪೋಲೆ’. ಚಹಾ, ಚಪಾತಿ, ಗಾಡಿ ಮೂರೂ ಅಲ್ಲಿ ‘ಚಾಯ್’, ‘ಚಪಾತಿ’, ‘ಗಾರಿ’. ರೈಲು ಕಟ್ಟಲು, ಅಂಗಡಿ ಇಡಲು ಹೋದ ನಮ್ಮ ದೇಶದವರು ಬಿಟ್ಟುಬಂದ ಮಾತುಗಳು. ಸಫಾರಿ ಎಂದರೂ ಆ ಭಾಷೆಯಲ್ಲಿ ಪ್ರಯಾಣ ಎಂದಷ್ಟೇ ಅರ್ಥ.

ಮುಖ್ಯ ದ್ವಾರದಿಂದ ಹೋದರೆ ದಂತ ಸುಟ್ಟ ಜಾಗವನ್ನು ತಪ್ಪಿಸಬೇಡಿ. 1989ರ ಜುಲೈನಲ್ಲಿ ಅಧ್ಯಕ್ಷ ಡೇನಿಯಲ್ ಅರಾಪ್ ಮೊಯ್ 12 ಟನ್ ಆನೆದಂತಕ್ಕೆ ಅಲ್ಲೇ ಬೆಂಕಿ ಇಟ್ಟರು. 2016ರ ಏಪ್ರಿಲ್ 30ರಂದು ಅಧ್ಯಕ್ಷ ಉಹುರು ಕೆನ್ಯಾಟಾ 105 ಟನ್ ಸುಟ್ಟರು. ಮಾರಿದ್ದರೆ ಕೋಟಿಗಟ್ಟಲೆ ಬರುತ್ತಿತ್ತು ಎಂದವರಿದ್ದರು. ಸತ್ತ ಆನೆಯ ದಂತಕ್ಕೆ ಬೆಲೆ ಇರುವವರೆಗೆ ಬದುಕಿರುವ ಆನೆಗೆ ಉಳಿವಿಲ್ಲ ಎಂಬುದು ಸುಟ್ಟವರ ವಾದ. ದೇಶದಲ್ಲೇ ಅತಿ ಹೆಚ್ಚು ಆನೆಗಳಿರುವ ರಾಜ್ಯದವರು ನಾವು. ದಂತಕ್ಕಾಗಿ ನಮ್ಮ ಗಂಡಾನೆಗಳು ಬಲಿಯಾದ ದಿನಗಳನ್ನು ಮಾವನವರ ತಲೆಮಾರಿನವರು ಚೆನ್ನಾಗಿ ಬಲ್ಲರು.

ಕಪ್ಪತಗುಡ್ಡ

ಹಿಂದಿರುಗಿ ಒಂದು ವಾರವಾಯಿತು. ಇಷ್ಟು ಜನ ಅಕ್ಕರೆಯಿಂದ ಹೇಳಿಕೊಟ್ಟಿದ್ದಕ್ಕೆ ವಿವರವಾಗಿ ಬರೆಯದಿದ್ದರೆ ತಪ್ಪಾಗುತ್ತದೆ.

ಲಸಿಕೆಯನ್ನು ಮಾವನವರು ವೈದ್ಯರ ತಪಾಸಣೆಯ ನಂತರ ಹಾಕಿಸಿಕೊಂಡರು. ಒಂದು ದಿನ ಮೈಕೈ ನೋವು ಬಿಟ್ಟರೆ ಏನೂ ಆಗಲಿಲ್ಲ. ಕೆನ್ಯಾಕ್ಕೆ ಈಗ ವೀಸಾ ಇಲ್ಲ, 2024ರಿಂದ ಇ-ಟಿಎ ಎಂಬ ಪ್ರಯಾಣದ ಅನುಮತಿ. ಮೂವರಿಗೂ ಆನ್‌ಲೈನ್‌ನಲ್ಲಿ ಮೊದಲೇ ಪಡೆದಿದ್ದೆವು.

ಆರಕ್ಕೆ ಐದು ನಿಮಿಷ ಇರುವಾಗ ಬಾಗಿಲಲ್ಲಿದ್ದೆವು. ಅಕ್ಕ ಹೇಳಿದ ಚಳಿ ಅಕ್ಷರಶಃ ನಿಜ. ಮೊದಲು ಕಂಡದ್ದು ಕೊಂಗೋನಿ ಎಂಬ ಜಿಂಕೆಯಂಥ ದೊಡ್ಡ ಪ್ರಾಣಿ. ಗೆದ್ದಲಿನ ಹುತ್ತದ ಮೇಲೆ ಒಂದೇ ಒಂದು, ಕಾವಲಿಗೆ ನಿಂತ ಹಾಗೆ. ಉದ್ದ ಮುಖ, ಬಾಗಿದ ಕೊಂಬು. ಅದರ ಹಿಂದೆ ಮಂಜಿನಲ್ಲಿ ನೈರೋಬಿಯ ಕಟ್ಟಡಗಳು ನಿಧಾನವಾಗಿ ಮೂಡಿದವು. ಮಾವನವರು ಮಾತೇ ಆಡಲಿಲ್ಲ. ಅರ್ಧ ಗಂಟೆ ಕಳೆದ ಮೇಲೆ, “ನಕಾಶೆಯಲ್ಲಿ ಇದು ಬರೀ ಒಂದು ಚುಕ್ಕೆ” ಎಂದರು.

ಸಿಂಹ ಸಿಗಲಿಲ್ಲ. ಮಗಳು ಎಲ್ಲ ಬಂಡೆಗಳನ್ನೂ ಸಿಂಹವೆಂದು ನೋಡಿದಳು. ಚಾಲಕರು ಮಚಾಕೋಸ್ ಕಡೆಯ ಹಿರಿಯರು, ಒಂದು ಕಡೆ ವಾಹನ ನಿಲ್ಲಿಸಿ ರಸ್ತೆಯ ಧೂಳಿನಲ್ಲಿ ಹೆಜ್ಜೆ ತೋರಿಸಿದರು. ರಾತ್ರಿಯದು, ಹೆಣ್ಣು ಸಿಂಹದ್ದು, ಜೊತೆಗೆ ಸಣ್ಣ ಹೆಜ್ಜೆಗಳೂ ಇದ್ದವು. ಮಗಳು ಕಿಟಕಿಯಿಂದ ಬಗ್ಗಿ ಅವುಗಳನ್ನು ಎಣಿಸಿದಳು. ಆ ಮರಿಗಳು ದೊಡ್ಡಿಯ ದೀಪ ನೋಡಿ ಹೆದರುತ್ತವೆಯೇ ಎಂದು ಚಾಲಕರನ್ನು ಕೇಳಿದಳು. ಅವರು ನಗುತ್ತ, ತಮ್ಮ ತಂಗಿಯ ಮನೆಯ ದೊಡ್ಡಿಗೂ ಅಂಥ ದೀಪ ಹಾಕಿಸಿದ್ದೇವೆ ಎಂದರು.

ಘೇಂಡಾಮೃಗದ ಬಗ್ಗೆ ಹೇಗೆ ಬರೆಯಲಿ! ತಾಯಿ ಮತ್ತು ಮರಿ, ನಮ್ಮಿಂದ ಇಪ್ಪತ್ತು ಹೆಜ್ಜೆಗೂ ಕಡಿಮೆ ದೂರ. ಚಾಲಕರು ಎಂಜಿನ್ ಆರಿಸಿದರು. ಆಗ ಕೇಳಿಸಿತು, ಹುಲ್ಲು ಹರಿಯುವ ಸದ್ದು. ಎಮ್ಮೆ ಮೇಯುವಾಗ ಬರುವ ಸದ್ದೇ, ಆದರೆ ಇನ್ನೂ ಭಾರ. ಮರಿ ತಾಯಿಯ ಹೊಟ್ಟೆಗೆ ಒರಗಿಕೊಂಡೇ ನಡೆಯುತ್ತಿತ್ತು. ಬೆನ್ನ ಮೇಲೆ ಸಣ್ಣ ಹಕ್ಕಿಗಳು ಚರ್ಮದ ಮಡಿಕೆಗಳಲ್ಲಿ ಹುಳ ಹೆಕ್ಕುತ್ತಿದ್ದವು. ಅದರ ಕಿವಿಗಳು ಒಂದು ಈ ಕಡೆ, ಒಂದು ಆ ಕಡೆ, ಬೇರೆ ಬೇರೆಯಾಗಿ ತಿರುಗುತ್ತಿದ್ದವು. ಅಷ್ಟರಲ್ಲಿ ದೂರದ ಸೇತುವೆಯ ಮೇಲೆ ರೈಲು ಹೋಯಿತು. ನಾವೆಲ್ಲ ತಲೆ ಎತ್ತಿದೆವು. ಅದು ಎತ್ತಲಿಲ್ಲ.

ಇಂಪಾಲಾ ತಾಣದಲ್ಲಿ ಇಳಿದೆವು. ಮಣೆ ಬಹಳ ಉಪಯೋಗಕ್ಕೆ ಬಂತು. ಮಾವನವರು ನಾಲ್ಕು ಹೆಜ್ಜೆ ನಡೆದು, ಕಷ್ಟಪಟ್ಟು ಬಗ್ಗಿ ನೆಲದ ಬಿರುಕಿನಲ್ಲಿ ಬೆರಳಿಟ್ಟರು. ಒಂದು ಹೆಂಟೆ ಎತ್ತಿ ಒಡೆದು, ಅಂಗೈಯಲ್ಲಿ ಉಜ್ಜಿ, ನನಗೂ ತೋರಿಸಿದರು. “ನಮ್ಮ ಎರೆಯೇ ಇದು. ಇಲ್ಲಿ ಕಡಲೆ ಚೆನ್ನಾಗಿ ಬರುತ್ತದೆ.” ಆಮೇಲೆ ಬಹಳ ಹೊತ್ತು ಆ ಬಯಲನ್ನೇ ನೋಡುತ್ತ, “ಉಳದೆ ಬಿಟ್ಟಿದ್ದಾರಲ್ಲ, ಅದೇ ದೊಡ್ಡದು” ಎಂದರು. ಮಣ್ಣನ್ನು ಊರಿಗೆ ತರುವ ಆಸೆಯಿತ್ತು ಅವರಿಗೆ. ಇಲ್ಲಿಂದ ಏನನ್ನೂ ಒಯ್ಯಬಾರದು ಎಂದು ಚಾಲಕರು ಹೇಳಿದ ಕೂಡಲೇ ಕೈ ಕೊಡವಿ, ಎತ್ತಿದ ಜಾಗದಲ್ಲೇ ಹಾಕಿದರು.

ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು ಒಯ್ದಿದ್ದೆವು. ಚಾಲಕರಿಗೂ ಕೊಟ್ಟೆವು. ಚಟ್ನಿಪುಡಿ ಅವರಿಗೆ ಎಷ್ಟು ಹಿಡಿಸಿತೆಂದರೆ ಉಳಿದ ಡಬ್ಬಿಯನ್ನು ಅವರಿಗೇ ಕೊಟ್ಟುಬಂದೆವು. ದಂತ ಸುಟ್ಟ ಜಾಗದಲ್ಲಿ ಬೂದಿಯ ದಿಬ್ಬದ ಮುಂದೆ ಮಾವನವರು ಚಪ್ಪಲಿ ಬಿಟ್ಟು ನಿಂತರು. ಅವರಿಗೆ ಯಾರೂ ಹಾಗೆ ಮಾಡಿ ಎಂದಿರಲಿಲ್ಲ.

ಮಧ್ಯಾಹ್ನ ಜಿರಾಫೆ ಕೇಂದ್ರ. ಎತ್ತರದ ಜಗಲಿಯ ಮೇಲೆ ನಿಂತು ಅಂಗೈಯಲ್ಲಿ ಮೇವಿನ ಉಂಡೆ ಹಿಡಿದರೆ ಒಂದೂವರೆ ಅಡಿಯ ಕಪ್ಪು ನಾಲಿಗೆ ಬಂದು ಎತ್ತಿಕೊಳ್ಳುತ್ತದೆ. ಸಿಂಹ ಸಿಗದ ಬೇಸರವನ್ನು ಮಗಳು ಅಲ್ಲಿ ಮರೆತಳು. ಐದಕ್ಕೆ ಮನೆ. ಮಾವನವರ ಮೊಣಕಾಲಿಗೆ ರಾತ್ರಿ ಎಣ್ಣೆ ಹಚ್ಚಿದ್ದು ಬಿಟ್ಟರೆ ಬೇರೇನೂ ಬೇಕಾಗಲಿಲ್ಲ.

ನೈರೋಬಿ ಮಲ್ಲಿಗೆ

ಓದುತ್ತ ಕಣ್ಣು ತುಂಬಿತು ತಂಗಿ. ಹನ್ನೊಂದು ವರ್ಷದಲ್ಲಿ ಎಷ್ಟೋ ಸಲ ಅಲ್ಲಿ ಇಳಿದಿದ್ದೇನೆ, ಒಮ್ಮೆಯೂ ಆ ಮಣ್ಣನ್ನು ಮುಟ್ಟಿರಲಿಲ್ಲ. ಈ ಭಾನುವಾರ ಹೋಗುತ್ತೇನೆ.

ಕಬಿನಿ ಹಿನ್ನೀರು

ಒಂದು ಸಂದೇಹ. ನೀವು ನೋಡಿದ ಘೇಂಡಾಮೃಗದ ಮೇಲ್ದುಟಿ ಹೇಗಿತ್ತು? ಮೊನಚಾಗಿ ಕೊಕ್ಕಿನ ಹಾಗೆ ಇದ್ದರೆ ಕಪ್ಪು ಘೇಂಡಾಮೃಗ, ಅದು ಪೊದೆಯ ಸೊಪ್ಪು ತಿನ್ನುತ್ತದೆ. ಅಗಲವಾಗಿದ್ದರೆ ಬಿಳಿಯದು, ಅದು ಹುಲ್ಲು ಮೇಯುತ್ತದೆ. ಹುಲ್ಲು ಹರಿಯುವ ಸದ್ದು ಎಂದಿರಿ, ಅದಕ್ಕೆ ಕೇಳಿದೆ.

ಕಪ್ಪತಗುಡ್ಡ

ಸರ್, ಆಗ ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಈಗ ಮಗಳು ಬಿಡಿಸಿದ ಚಿತ್ರವನ್ನು ತೆಗೆದು ನೋಡಿದೆ. ಬಾಯಿ ಮೊರದಷ್ಟು ಅಗಲ, ನೆಲಕ್ಕೆ ಅಂಟಿಕೊಂಡಿದೆ. ಬೆನ್ನ ಮೇಲೆ ಮೂರು ಹಕ್ಕಿಗಳು, ಅವುಗಳ ಕೊಕ್ಕಿಗೆ ಕೆಂಪು ಬಣ್ಣ ಹಚ್ಚಿದ್ದಾಳೆ.